ಓಪನ್ ಸೋರ್ಸ್‌ಗೆ ಮೊದಲ ಪ್ಯಾಚ್: ಸಾಮಾನ್ಯ ಪ್ರೋಗ್ರಾಮರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದವರು. ಕೋಡ್ ಬರೆಯಲು ಬರುತ್ತದೆ, ಗಿಟ್ ಬಳಸಿ ಅಭ್ಯಾಸವಿದೆ, ಆದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದಕ್ಕೆ ಪ್ಯಾಚ್, ಅಂದರೆ ತಿದ್ದುಪಡಿ, ಕಳುಹಿಸಲು ಧೈರ್ಯ ಸಾಲುತ್ತಿಲ್ಲ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಉತ್ತರಿಸಿದ್ದೇನೆ.

ನಾನು ತೀರಾ ಸಾಮಾನ್ಯ ಪ್ರೋಗ್ರಾಮರ್. ಘಟಾನುಘಟಿಗಳು ಇರುವ ಕಡೆ ನನಗೇನು ಕೆಲಸ?

ಬೇಕಾದಷ್ಟಿದೆ. ಹೊರಗಿನಿಂದ ನೋಡಿದರೆ ಓಪನ್ ಸೋರ್ಸ್ ಎಂದರೆ ಪ್ರತಿಭಾವಂತರ ದಂಡು ಎನಿಸುತ್ತದೆ. ಒಳಗೆ ಹೋದರೆ ಕಾಣುವುದು ಬಹುತೇಕ ಒಬ್ಬರೋ ಇಬ್ಬರೋ ರಾತ್ರಿ ಊಟವಾದ ಮೇಲೆ ಕುಳಿತು ಸಂಭಾಳಿಸುತ್ತಿರುವ ಪ್ರಾಜೆಕ್ಟುಗಳು. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಜಗತ್ತಿಗೆ ಗೊತ್ತಾಗಿದ್ದೇ ಇದು: ಅರ್ಧ ಇಂಟರ್ನೆಟ್ಟಿನ ಭದ್ರತೆ ನಿಂತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿ ಬೆರಳೆಣಿಕೆಯ ಜನರ ಮೇಲೆ ನಡೆಯುತ್ತಿತ್ತು. 2016ರಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕ ಹಿಂತೆಗೆದುಕೊಂಡಾಗ ಎಷ್ಟೋ ಕಂಪನಿಗಳ ಬಿಲ್ಡ್ ಒಮ್ಮೆಲೇ ಮುರಿದುಬಿದ್ದಿತು. ಆ ಹನ್ನೊಂದು ಸಾಲನ್ನು ನೀವೂ ಬರೆಯಬಲ್ಲಿರಿ.

ಇಲ್ಲಿ ನಿಜಕ್ಕೂ ಅಭಾವವಿರುವುದು ಬಂದ ಕೋಡನ್ನು ಓದಿ, ಪರೀಕ್ಷಿಸಿ, ಮುಂದೆ ವರ್ಷಗಟ್ಟಲೆ ಹೊಣೆ ಹೊರುವ ಮೇಂಟೇನರ್‌ಗಳ ಸಮಯಕ್ಕೆ. ನೀವು ಕಳುಹಿಸಿದ್ದು ಅವರ ಕೆಲಸ ಇಳಿಸುತ್ತದೆಯೋ ಏರಿಸುತ್ತದೆಯೋ ಎಂದು ಮೊದಲು ಕೇಳಿಕೊಳ್ಳಿ. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಈ ಲೆಕ್ಕದ ಮೇಲೆಯೇ ನಿಂತಿವೆ.

ಯಾವ ಪ್ರಾಜೆಕ್ಟ್ ಆರಿಸಿಕೊಳ್ಳಲಿ?

ನೀವು ದಿನವೂ ಬಳಸುವುದನ್ನು. ಹೆಸರುವಾಸಿ ಪ್ರಾಜೆಕ್ಟುಗಳ ಪಟ್ಟಿ ಮುಂದಿಟ್ಟುಕೊಂಡು ಹುಡುಕಲು ಹೊರಟವರು ಸಾಮಾನ್ಯವಾಗಿ ಎರಡು ವಾರದಲ್ಲಿ ಕೈಬಿಡುತ್ತಾರೆ. ಆ ಸಾಫ್ಟ್‌ವೇರ್ ಸರಿಯಾದರೂ ಕೆಟ್ಟರೂ ಅವರಿಗೆ ಏನೂ ಆಗುವುದಿಲ್ಲವಲ್ಲ. ನಿಮ್ಮ ಕಂಪನಿಯ ಪ್ರಾಜೆಕ್ಟಿನ ಡಿಪೆಂಡೆನ್ಸಿ ಪಟ್ಟಿಯನ್ನು ತೆರೆದು ನೋಡಿ. ಅದರಲ್ಲಿ ನೀವು ಒಮ್ಮೆಯಾದರೂ ಬೈದುಕೊಂಡ ಲೈಬ್ರರಿ ಇದ್ದೇ ಇರುತ್ತದೆ: ಅರ್ಥವಾಗದ ಎರರ್ ಸಂದೇಶ ಕೊಟ್ಟಿದ್ದು, ದಸ್ತಾವೇಜಿನಲ್ಲಿ ಒಂದು ಹೇಳಿ ಕೋಡಿನಲ್ಲಿ ಇನ್ನೊಂದು ಮಾಡಿದ್ದು. ಆ ಬೈಗುಳವೇ ನಿಮ್ಮ ಮೊದಲ ಇಶ್ಯೂ, ಅಂದರೆ ಪ್ರಾಜೆಕ್ಟಿನಲ್ಲಿ ದಾಖಲಿಸುವ ದೂರು.

ಆರಿಸಿದ ಮೇಲೆ ಆ ರೆಪೊದಲ್ಲಿ (ಕೋಡಿನ ಭಂಡಾರದಲ್ಲಿ) ಜೀವ ಇದೆಯೇ ಎಂದು ನೋಡಿ. ಹೊರಗಿನವರ ಪುಲ್ ರಿಕ್ವೆಸ್ಟ್, ಅಂದರೆ ತಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳೆದ ಕೆಲವು ತಿಂಗಳಲ್ಲಿ ಸೇರಿದೆಯೇ? ಕೇಳಿದ ಪ್ರಶ್ನೆಗೆ ಯಾರಾದರೂ ಉತ್ತರಿಸಿದ್ದಾರೆಯೇ? ಮೆಚ್ಚಿದವರು ಒತ್ತಿದ ಸ್ಟಾರ್‌ಗಳ ಸಂಖ್ಯೆಯಿಂದ ಇದು ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ, ಮಧ್ಯಮ ಗಾತ್ರದ, ಇಬ್ಬರು ಮೂವರು ಮೇಂಟೇನರ್‌ಗಳಿರುವ ಪ್ರಾಜೆಕ್ಟೇ ಹೊಸಬರಿಗೆ ಅತ್ಯುತ್ತಮ. ಅಲ್ಲಿ ನಿಮ್ಮ ಹೆಸರು ನೆನಪಿರುತ್ತದೆ.

ಕನ್ನಡ ಗೊತ್ತಿರುವುದರಿಂದ ಇಲ್ಲಿ ಏನಾದರೂ ಉಪಯೋಗವಿದೆಯೇ?

ತುಂಬಾ. ಇದನ್ನು ನಮ್ಮವರು ಬಳಸಿಕೊಳ್ಳುವುದೇ ಇಲ್ಲ ಎಂಬುದು ನನ್ನ ಹಳೆಯ ದೂರು. ಅನುವಾದವನ್ನಷ್ಟೇ ಹೇಳುತ್ತಿಲ್ಲ, ಕೋಡನ್ನೇ ಹೇಳುತ್ತಿದ್ದೇನೆ.

ಒಂದು ಪ್ರಯೋಗ ಮಾಡಿ. ಪೈಥಾನ್ ತೆರೆದು, ಪಠ್ಯದಲ್ಲಿ ಮಾದರಿ ಹುಡುಕುವ ಅದರ ರೆಗ್ಯುಲರ್ ಎಕ್ಸ್‌ಪ್ರೆಷನ್ ಮಾಡ್ಯೂಲ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ಪ್ಲಸ್ (\w+) ಎಂಬ ಮಾದರಿ ಕೊಟ್ಟು 'ಕನ್ನಡ' ಎಂಬ ಪದವನ್ನು ಹುಡುಕಲು ಹೇಳಿ. ಒಂದು ಪದ ಸಿಗಬೇಕು. ಸಿಗುವುದು ಎರಡು: 'ಕನ' ಮತ್ತು 'ನಡ'. ಕಾರಣ, ಈ ಮಾದರಿ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್‌ಗಳನ್ನು ಮಾತ್ರ ಪದದ ಭಾಗವೆಂದು ಒಪ್ಪುತ್ತದೆ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ನಮ್ಮ ಅರ್ಧಾಕ್ಷರದ ವಿರಾಮ ಚಿಹ್ನೆ (್), ಸ್ವರ ಚಿಹ್ನೆಗಳು, ಅನುಸ್ವಾರ ಎಲ್ಲವೂ 'ಗುರುತು'ಗಳ ವರ್ಗಕ್ಕೆ ಸೇರಿವೆ, ಅಕ್ಷರಗಳ ವರ್ಗಕ್ಕಲ್ಲ. ಹೀಗಾಗಿ ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ.

ಇದರ ಪರಿಣಾಮ ಎಲ್ಲೆಲ್ಲೋ ಹೋಗಿ ಮುಟ್ಟುತ್ತದೆ. ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಶೀರ್ಷಿಕೆಯಿಂದ ವೆಬ್ ವಿಳಾಸದ ತುಣುಕು ಮಾಡುವ ಸ್ಲಗಿಫೈ ಫಂಕ್ಷನ್‌ಗೆ ಯೂನಿಕೋಡ್ ಆಯ್ಕೆಯನ್ನು ಕೊಟ್ಟೇ 'ಬೆಂಗಳೂರು' ಎಂದು ಹೇಳಿ, 'ಬಗಳರ' ಎಂದು ಮರಳಿ ಬರುತ್ತದೆ. ಮಷಿನ್ ಲರ್ನಿಂಗ್ ಲೈಬ್ರರಿ ಸೈಕಿಟ್‌ಲರ್ನ್‌ನಲ್ಲಿ ಪದಗಳನ್ನು ಎಣಿಸುವ ಕೌಂಟ್ ವೆಕ್ಟರೈಸರ್ ಇನ್ನೂ ಮುಂದೆ ಹೋಗಿ ಎರಡಕ್ಕಿಂತ ಕಡಿಮೆ ಅಕ್ಷರದ ತುಂಡುಗಳನ್ನೂ ಎಸೆಯುತ್ತದೆ. ಹಾಗಾಗಿ ಅಲ್ಲಿ ಬೆಂಗಳೂರಿನಲ್ಲಿ ಉಳಿಯುವುದು 'ಗಳ' ಮಾತ್ರ. ಕನ್ನಡ ಸುದ್ದಿಗಳ ವರ್ಗೀಕರಣ ಮಾಡಲು ಹೊರಟ ಎಷ್ಟು ವಿದ್ಯಾರ್ಥಿಗಳು ಇದರ ಅರಿವೇ ಇಲ್ಲದೆ ಕಸದ ಮೇಲೆ ಮಾಡೆಲ್ ಕಟ್ಟಿರಬಹುದೋ!

ಪೈಥಾನಿನ ಮೂಲದಲ್ಲೇ ಇದನ್ನು ಸರಿಪಡಿಸಬಹುದಲ್ಲ ಎಂದರೆ, ಆ ದೂರು 2011ರಲ್ಲೇ ದಾಖಲಾಗಿದೆ. ಲಕ್ಷಾಂತರ ಪ್ರೋಗ್ರಾಮುಗಳು ಈಗಿನ ವರ್ತನೆಯನ್ನೇ ನಂಬಿ ನಿಂತಿರುವುದರಿಂದ ಅಲ್ಲಿ ಬದಲಾವಣೆ ತರುವುದು ಮೊದಲ ಪ್ಯಾಚಿನ ಕೆಲಸವಲ್ಲ. ಆದರೆ ಇದೇ ಮಾದರಿಯನ್ನು ಬಳಸಿ ಹ್ಯಾಷ್‌ಟ್ಯಾಗ್ ಗುರುತಿಸುವ, ಬಳಕೆದಾರರ ಹೆಸರು ಪರಿಶೀಲಿಸುವ, ಹುಡುಕಾಟಕ್ಕೆ ಪದ ಒಡೆಯುವ ಸಣ್ಣ ಲೈಬ್ರರಿಗಳು ಅಸಂಖ್ಯಾತ. ಅವುಗಳಲ್ಲಿ ದೋಷ ತೋರಿಸಿ, 'ಕನ್ನಡ' ಪದವನ್ನೇ ಟೆಸ್ಟ್ ಕೇಸ್ ಆಗಿ ಸೇರಿಸಿ, ತಿದ್ದಿ ಕಳುಹಿಸುವುದು ಒಂದು ವಾರಾಂತ್ಯದ ಕೆಲಸ. ಅದು ಹಿಂದಿ, ತಮಿಳು, ಬಂಗಾಳಿಯವರಿಗೂ ಅನುಕೂಲವಾಗುತ್ತದೆ.

ಇನ್ನೂ ಇವೆ. 'ಕ್ಷ' ಎಂಬುದು ನಮಗೆ ಒಂದಕ್ಷರ, ಯೂನಿಕೋಡಿಗೆ ಮೂರು ಸಂಕೇತ. ಶೀರ್ಷಿಕೆಯನ್ನು ಇಂತಿಷ್ಟೇ ಉದ್ದಕ್ಕೆ ಕತ್ತರಿಸುವ ಕೋಡ್ ಅದನ್ನು ನಡುವೆಯೇ ಕಡಿದು ಪರದೆಯ ಮೇಲೆ ಬರೀ 'ಕ್' ಬಿಡುತ್ತದೆ. 'ಸಾಫ್ಟ್‌ವೇರ್' ಎಂದು ಬರೆದದ್ದು 'ಸಾಫ್ಟ್ವೇರ್' ಆಗಿ ಕಾಣಿಸಿದರೆ, ನಡುವಿನ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತವನ್ನು ಯಾವುದೋ ಫಂಕ್ಷನ್ 'ಶುಚಿಗೊಳಿಸುವ' ಹೆಸರಿನಲ್ಲಿ ಅಳಿಸಿದೆ ಎಂದು ಅನುಮಾನಿಸಿ. ಬೇರೆ ದೇಶದ ಮೇಂಟೇನರ್ ಎಷ್ಟೇ ಬುದ್ಧಿವಂತನಾಗಿರಲಿ, ಇದು ಅವನ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಕಣ್ಣಿಗೆ ರಾಚುತ್ತದೆ.

ಅನುವಾದ ಮಾಡಿದರೆ ಅದನ್ನು ಕೊಡುಗೆ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಖಂಡಿತ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯ ಸಂದೇಶಗಳನ್ನು ಟ್ರಾನ್ಸ್‌ಲೇಟ್‌ವಿಕಿಯಲ್ಲಿ, ಫೈರ್‌ಫಾಕ್ಸ್‌ನದನ್ನು ಮೊಜಿಲ್ಲಾದ ಪೊಂಟೂನ್‌ನಲ್ಲಿ, ಲಿಬ್ರೆ ಆಫೀಸಿನದನ್ನು ವೆಬ್‌ಲೇಟ್‌ನಲ್ಲಿ ಅನುವಾದಿಸಬಹುದು. ಗಿಟ್ ಕೂಡ ಬೇಕಿಲ್ಲ, ಬ್ರೌಸರ್ ಸಾಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಊರಿನ ಬೀದಿ, ಕೆರೆ, ಶಾಲೆಗಳಿಗೆ ಕನ್ನಡ ಹೆಸರು ಸೇರಿಸುವುದೂ ಇದೇ ಸಾಲಿಗೆ ಬರುತ್ತದೆ.

ಪ್ರೋಗ್ರಾಮರ್ ಆದವರು ಅನುವಾದದ ನಡುವೆ ಇನ್ನೊಂದು ಕೆಲಸ ಮಾಡಬಹುದು. 'ಡಿಲೀಟ್' ಎಂಬ ಪದಕ್ಕೆ ಫೈಲಿನ ಹೆಸರನ್ನು ಅಂಟಿಸಿ ವಾಕ್ಯ ಮಾಡುವ ಕೋಡ್ ಇಂಗ್ಲಿಷಿಗೆ ಸರಿ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಆ ವಾಕ್ಯವನ್ನು ಎಷ್ಟು ತಿಣುಕಿದರೂ ನೇರಗೊಳಿಸಲಾಗದು. ಅಂಥ ಕಡೆ ಇಡೀ ವಾಕ್ಯವನ್ನೇ ಅನುವಾದಕ್ಕೆ ಬಿಟ್ಟು, ಹೆಸರಿನ ಜಾಗದಲ್ಲಿ ಗುರುತು ಇಡುವಂತೆ ಕೋಡ್ ತಿದ್ದಿ ಕಳುಹಿಸಿ. ನಾಲ್ಕೈದು ಸಾಲಿನ ಬದಲಾವಣೆ, ಹತ್ತಾರು ಭಾಷೆಗಳಿಗೆ ಲಾಭ.

ಕೋಡ್ ಲಕ್ಷ ಸಾಲಿದೆ. ಎಲ್ಲಿಂದ ಓದಲು ಶುರು ಮಾಡುವುದು?

ಓದಲು ಶುರು ಮಾಡಬೇಡಿ. ಮೊದಲು ಬಿಲ್ಡ್ ಮಾಡಿ, ಟೆಸ್ಟುಗಳನ್ನು ಓಡಿಸಿ. ಇದಕ್ಕೇ ಒಂದು ಸಂಜೆ ಹಿಡಿಯಬಹುದು, ಬೇಸರ ಬೇಡ. ಸೂಚನೆಯಲ್ಲಿ ಹೇಳಿದಂತೆ ಮಾಡಿದರೂ ಬಿಲ್ಡ್ ಆಗದಿದ್ದರೆ, ಸೂಚನೆಯಲ್ಲಿ ಬಿಟ್ಟುಹೋದ ಹೆಜ್ಜೆಯನ್ನು ಸೇರಿಸಿ ಕಳುಹಿಸಿ. ಹಳಬರ ಯಂತ್ರಗಳಲ್ಲಿ ಎಲ್ಲವೂ ಯಾವತ್ತೋ ಇನ್‌ಸ್ಟಾಲ್ ಆಗಿರುತ್ತದೆ. ಆ ಕೊರತೆ ಕಾಣುವುದು ಹೊಸಬರಿಗೆ ಮಾತ್ರ, ಅದೂ ಮೊದಲ ವಾರ ಮಾತ್ರ.

ಆಮೇಲೆ ಒಂದೇ ಒಂದು ದಾರವನ್ನು ಹಿಡಿದು ಹೊರಡಿ. ಪರದೆಯಲ್ಲಿ ಕಂಡ ಎರರ್ ಸಂದೇಶವನ್ನು ಕೋಡಿನಲ್ಲಿ ಗ್ರೆಪ್ ಮಾಡಿ (ಹುಡುಕಿ). ಅದು ಹುಟ್ಟುವ ಫಂಕ್ಷನ್ ಸಿಕ್ಕಿತು. ಆ ಸಾಲಿನ ಮೇಲೆ ಗಿಟ್ ಬ್ಲೇಮ್ ಓಡಿಸಿದರೆ ಯಾವ ಕಮಿಟ್‌ನಲ್ಲಿ (ದಾಖಲಾದ ಬದಲಾವಣೆಯಲ್ಲಿ) ಬಂತೆಂದು ತಿಳಿಯುತ್ತದೆ. ಕಮಿಟ್ ಸಂದೇಶ ಹಿಡಿದು ಹೋದರೆ ಆವತ್ತು ನಡೆದ ಚರ್ಚೆಯೇ ಸಿಗುತ್ತದೆ. ದಡ್ಡತನದಂತೆ ಕಾಣುವ ಸಾಲಿನ ಹಿಂದೆ ಎಷ್ಟೋ ಸಲ ಒಂದು ಒಳ್ಳೆಯ ಕಾರಣವಿರುತ್ತದೆ. ಅದನ್ನು ತಿಳಿದು ಬರೆದ ಪ್ಯಾಚಿಗೂ ತಿಳಿಯದೆ ಬರೆದದ್ದಕ್ಕೂ ಇರುವ ವ್ಯತ್ಯಾಸವನ್ನು ಮೇಂಟೇನರ್ ಮೊದಲ ಸಾಲಿನಲ್ಲೇ ಕಂಡುಹಿಡಿಯುತ್ತಾರೆ.

ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಈಗ ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ಬಳಸಿ. ಒಳ್ಳೆಯದೊಂದು ಕಮಿಟ್, ಕೆಟ್ಟದ್ದೊಂದು ಕಮಿಟ್ ತೋರಿಸಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ. ನೀವು ಪರೀಕ್ಷಿಸಿ ಸರಿ ಅಥವಾ ತಪ್ಪು ಎನ್ನುತ್ತಾ ಹೋಗಬೇಕು. ಸಾವಿರ ಕಮಿಟ್‌ಗಳಿದ್ದರೂ ಸುಮಾರು ಹತ್ತು ಸುತ್ತಿನಲ್ಲಿ ಅಪರಾಧಿ ಸಿಕ್ಕಿಬೀಳುತ್ತದೆ. ಇದಕ್ಕೆ ಆ ಕೋಡ್ ಒಂದು ಸಾಲೂ ಅರ್ಥವಾಗಬೇಕಿಲ್ಲ! ತೆರೆದಿರುವ ಹಳೆಯ ಇಶ್ಯೂ ಒಂದರ ಕೆಳಗೆ 'ಇದು ಇಂಥ ಕಮಿಟ್‌ನಿಂದ ಶುರುವಾಗಿದೆ' ಎಂದು ಬರೆದರೆ, ಸಾಮಾನ್ಯ ಪ್ರೋಗ್ರಾಮರ್ ಒಬ್ಬರು ಕೊಡಬಹುದಾದ ಅತ್ಯಂತ ಬೆಲೆಬಾಳುವ ಸಹಾಯಗಳಲ್ಲಿ ಅದೂ ಒಂದು.

ಹೊಸಬರಿಗೆಂದು ಗುರುತಿಸಿದ ಇಶ್ಯೂಗಳೆಲ್ಲ ಆಗಲೇ ಯಾರದೋ ಪಾಲಾಗಿರುತ್ತವೆ. ಏನು ಮಾಡುವುದು?

ಗಿಟ್‌ಹಬ್‌ನ 'ಗುಡ್ ಫಸ್ಟ್ ಇಶ್ಯೂ', ಜ್ಯಾಂಗೋದ 'ಈಸಿ ಪಿಕಿಂಗ್ಸ್', ಲಿಬ್ರೆ ಆಫೀಸಿನ 'ಈಸಿ ಹ್ಯಾಕ್ಸ್', ಎಲ್ಲ ಕಡೆಯೂ ನೂಕುನುಗ್ಗಲೇ. ಒಂದು ಇಶ್ಯೂ ಕೆಳಗೆ ಹತ್ತು ಜನ 'ದಯವಿಟ್ಟು ನನಗೆ ಅಸೈನ್ ಮಾಡಿ' ಎಂದು ಬರೆದು, ಒಬ್ಬರೂ ಮಾಡದೆ ಹೋಗಿರುವುದನ್ನು ನೀವೂ ನೋಡಿರುತ್ತೀರಿ. ಹಾಗೆ ಬರೆಯುವುದನ್ನು ಬಿಟ್ಟುಬಿಡಿ. ಬಹುತೇಕ ಪ್ರಾಜೆಕ್ಟುಗಳಲ್ಲಿ ಅನುಮತಿ ಬೇಕಾಗಿಯೇ ಇಲ್ಲ. 'ನನ್ನ ಯಂತ್ರದಲ್ಲಿ ಈ ದೋಷ ಹೀಗೆ ಮರುಕಳಿಸುತ್ತಿದೆ, ಕಾರಣ ಇಂಥ ಫಂಕ್ಷನ್ ಎಂದು ಕಾಣುತ್ತದೆ, ಹೀಗೆ ತಿದ್ದಬಹುದೇ?' ಎಂದು ಕೇಳಿದವರಿಗೆ ಉತ್ತರ ಬರುತ್ತದೆ.

ಆ ಪಟ್ಟಿಯನ್ನೇ ಕಾಯುತ್ತಾ ಕೂರಬೇಕಿಲ್ಲ. ಎರಡು ವರ್ಷ ಹಳೆಯ, ಯಾರೂ ಗಮನಿಸದ ಇಶ್ಯೂಗಳನ್ನು ತೆಗೆದುಕೊಂಡು ಇಂದಿನ ಆವೃತ್ತಿಯಲ್ಲಿ ಅವು ಇನ್ನೂ ಇವೆಯೇ ಎಂದು ಪರೀಕ್ಷಿಸಿ ವರದಿ ಮಾಡಿ. ಅರ್ಧ ತಾನಾಗಿಯೇ ಸರಿಹೋಗಿರುತ್ತವೆ, ಮುಚ್ಚಬಹುದು. ಉಳಿದವುಗಳಲ್ಲಿ ನಿಮ್ಮದೊಂದು ಸಿಗುತ್ತದೆ.

ಪುಲ್ ರಿಕ್ವೆಸ್ಟ್ ಹೇಗಿರಬೇಕು?

ಸಣ್ಣದಾಗಿರಬೇಕು, ಒಂದೇ ವಿಷಯದ ಮೇಲಿರಬೇಕು. ದೋಷ ತಿದ್ದುವಾಗ ಕಣ್ಣಿಗೆ ಬಿದ್ದ ಇಂಡೆಂಟೇಷನ್ನನ್ನೂ ಸರಿಪಡಿಸುವ ಚಪಲ ಬೇಡ; ನಿಮ್ಮ ಎಡಿಟರ್ ತಾನಾಗಿಯೇ ಇಡೀ ಫೈಲನ್ನು ಮರುಜೋಡಿಸಿ ಮೂರು ಸಾಲಿನ ಬದಲಾವಣೆಯನ್ನು ಮುನ್ನೂರು ಸಾಲು ಮಾಡಿಲ್ಲ ಎಂದು ಕಳುಹಿಸುವ ಮೊದಲು ನೋಡಿಕೊಳ್ಳಿ. ಕಾಂಟ್ರಿಬ್ಯೂಟಿಂಗ್ ಎಂಬ ಫೈಲ್ ಇದ್ದರೆ ಓದಿ. ಮುಖ್ಯ ಬ್ರಾಂಚ್ ಬಿಟ್ಟು ಬೇರೆ ಬ್ರಾಂಚ್‌ನಲ್ಲಿ ಕೆಲಸ ಮಾಡಿ. ಮೊದಲು ಸೋಲುತ್ತಿದ್ದು ಈಗ ಗೆಲ್ಲುವ ಒಂದು ಟೆಸ್ಟ್ ಸೇರಿಸಿ. ವಿವರಣೆಯಲ್ಲಿ ಏನು ಬದಲಾಯಿಸಿದಿರಿ ಎಂಬುದಕ್ಕಿಂತ ಏಕೆ ಎಂಬುದನ್ನು ಬರೆಯಿರಿ; ಏನು ಎಂಬುದು ಡಿಫ್‌ನಲ್ಲೇ ಕಾಣುತ್ತದೆ.

ಕಾಗುಣಿತ ತಿದ್ದಿದರೂ ಕೊಡುಗೆಯಂತೆ, ಹೌದೇ?

ಓದುಗನನ್ನು ದಾರಿ ತಪ್ಪಿಸುವ ತಪ್ಪಾದರೆ ಹೌದು. ಹೆಸರು ಬರಲಿ ಎಂದು ಮಾಡಿದ್ದಾದರೆ ಬೇಡ.

ಈ ವಿಷಯದಲ್ಲಿ ನಮ್ಮ ದೇಶದ ಹೆಸರು ಸ್ವಲ್ಪ ಕೆಟ್ಟಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಡಿಜಿಟಲ್ ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಭಾರತದ ಯೂಟ್ಯೂಬ್ ವಿಡಿಯೊ ಒಂದನ್ನು ನೋಡಿದ ಎಷ್ಟೋ ಜನ ಸಿಕ್ಕ ಸಿಕ್ಕ ರೆಪೊಗಳ ಪರಿಚಯ ಬರೆದಿರುವ ರೀಡ್‌ಮಿ ಫೈಲಿಗೆ ಒಂದೆರಡು ಹೊಗಳಿಕೆಯ ಪದ ಸೇರಿಸಿ ಕಳುಹಿಸತೊಡಗಿದರು. ಮೇಂಟೇನರ್‌ಗಳು ರೊಚ್ಚಿಗೆದ್ದರು, ಕೆಲವೇ ದಿನಗಳಲ್ಲಿ, ತಾವಾಗಿ ಒಪ್ಪಿದ ಪ್ರಾಜೆಕ್ಟುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ನಿಯಮವನ್ನೇ ಬದಲಿಸಬೇಕಾಯಿತು. ಮುಂದೆ ಎಕ್ಸ್‌ಪ್ರೆಸ್ ಜೆಎಸ್ ಎಂಬ ವೆಬ್ ಫ್ರೇಮ್‌ವರ್ಕ್‌ಗೂ ಅದೇ ಗತಿ ಬಂತು: ಪಾಠ ಕಲಿಯುತ್ತಿದ್ದವರು ಅದರ ರೀಡ್‌ಮಿಗೆ ತಮ್ಮ ಹೆಸರು ಸೇರಿಸಿ ಸಾಲುಸಾಲಾಗಿ ಪುಲ್ ರಿಕ್ವೆಸ್ಟ್ ಕಳುಹಿಸಿದರು. ಅಭ್ಯಾಸ ಮಾಡಬೇಕೆಂದರೆ 'ಫಸ್ಟ್ ಕಾಂಟ್ರಿಬ್ಯೂಷನ್ಸ್' ಎಂಬ ರೆಪೊ ಅದಕ್ಕೆಂದೇ ಇದೆ.

ಎಐ ಬಳಸಿ ಬರೆದ ಕೋಡ್ ಕಳುಹಿಸಬಹುದೇ?

ಮೊದಲು ಆ ಪ್ರಾಜೆಕ್ಟಿನ ನಿಯಮ ನೋಡಿ. ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟುಗಳು 2024ರಲ್ಲೇ ಅದಕ್ಕೆ ಬೇಲಿ ಹಾಕಿದವು. ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸುವ ಕರ್ಲ್ ಪ್ರಾಜೆಕ್ಟಿನ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹೆಣೆದುಕೊಟ್ಟ ಸುಳ್ಳು ಭದ್ರತಾ ದೋಷಗಳ ವರದಿಗಳಿಂದ ತಮ್ಮ ತಂಡದ ಸಮಯ ಹೇಗೆ ಹಾಳಾಗುತ್ತಿದೆ ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ಅನುಮತಿ ಇರುವ ಕಡೆಯೂ, ಪರಿಚಯವಿಲ್ಲದ ಕೋಡನ್ನು ಅರ್ಥ ಮಾಡಿಕೊಳ್ಳಲು ಬಳಸಿ. ಬರೆಸಿದ್ದಾದರೆ ಪ್ರತಿ ಸಾಲಿಗೂ ನೀವೇ ಉತ್ತರ ಕೊಡಲು ಸಿದ್ಧರಿರಿ. ಮೇಂಟೇನರ್ ಕೇಳಿದ ಪ್ರಶ್ನೆಯನ್ನು ಎಐಗೆ ಅಂಟಿಸಿ, ಅದರ ಉತ್ತರವನ್ನು ಇಲ್ಲಿ ಅಂಟಿಸುವುದಾದರೆ ನಡುವೆ ನೀವೇಕೆ? ಆ ಕೆಲಸ ಅವರಿಗೂ ಬರುತ್ತದೆ.

ಪುಲ್ ರಿಕ್ವೆಸ್ಟ್ ಕಳುಹಿಸಿ ತಿಂಗಳಾಯಿತು, ಯಾರೂ ನೋಡಿಲ್ಲ.

ಎರಡು ಮೂರು ವಾರಕ್ಕೊಮ್ಮೆ ಒಂದು ಸಾಲಿನಲ್ಲಿ ವಿನಯದಿಂದ ನೆನಪಿಸಬಹುದು. ದಿನವೂ ಬೇಡ. ಆ ನಡುವೆ ಕೋಡ್ ಬದಲಾಗಿ ಸಂಘರ್ಷ ಬಂದಿದ್ದರೆ ರೀಬೇಸ್ ಮಾಡಿ, ಅಂದರೆ ಹೊಸ ಕೋಡಿನ ಮೇಲೆ ಕೂರಿಸಿ, ಇಟ್ಟುಕೊಳ್ಳಿ. ತಿರಸ್ಕರಿಸಿದರೆ ಕಾರಣ ಓದಿ, ಸರಿಯೆನಿಸಿದರೆ ತಿದ್ದಿ, ಇಲ್ಲವಾದರೆ ಬಿಟ್ಟು ಮುಂದೆ ಹೋಗಿ. ನಿಮ್ಮ ಫೋರ್ಕ್‌ನಲ್ಲಿ (ನಿಮ್ಮ ಸ್ವಂತ ಪ್ರತಿಯಲ್ಲಿ) ಅದು ಇದ್ದೇ ಇರುತ್ತದೆ.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಬರೆಯಲು ಸಂಕೋಚ.

ಲಿನಕ್ಸ್ ಶುರುಮಾಡಿದವರ ಮಾತೃಭಾಷೆಯೂ ಇಂಗ್ಲಿಷ್ ಅಲ್ಲ, ಸ್ವೀಡಿಷ್. ಚಿಕ್ಕ ವಾಕ್ಯಗಳು, ಮರುಕಳಿಸುವ ಹೆಜ್ಜೆಗಳು, ಏನು ನಿರೀಕ್ಷಿಸಿದಿರಿ, ಏನಾಯಿತು. ಇಷ್ಟಿದ್ದರೆ ವ್ಯಾಕರಣವನ್ನು ಯಾರೂ ನೋಡುವುದಿಲ್ಲ. 'ರೆಸ್ಪೆಕ್ಟೆಡ್ ಸರ್' ಎಂದು ಅರ್ಜಿಯ ಧಾಟಿಯಲ್ಲಿ ಶುರು ಮಾಡುವುದು ಮಾತ್ರ ಬೇಡ.

ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾನೂನಿನ ತೊಡಕೇನಾದರೂ ಇದೆಯೇ?

ಇರಬಹುದು. ನೇಮಕಾತಿ ಪತ್ರದ ಜೊತೆ ಸಹಿ ಹಾಕಿದ ಆ ಉದ್ದನೆಯ ಒಪ್ಪಂದವನ್ನು ಈಗಲಾದರೂ ಓದಿ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ರಚಿಸಿದ ಕೃತಿಯ ಮೊದಲ ಹಕ್ಕು ಉದ್ಯೋಗದಾತರದು. ಕೆಲವು ಕಂಪನಿಗಳ ಒಪ್ಪಂದಗಳು ಇನ್ನೂ ಮುಂದೆ ಹೋಗಿ, ಬಿಡುವಿನಲ್ಲಿ ಬರೆದದ್ದರ ಮೇಲೂ ಹಕ್ಕು ಹೇಳುತ್ತವೆ. ಅನುಮಾನವಿದ್ದರೆ ಮ್ಯಾನೇಜರ್‌ಗೆ ಇಮೇಲ್ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಕಂಪನಿಯೇ ಬಳಸುವ ಲೈಬ್ರರಿಗೆ ಪ್ಯಾಚ್ ಎಂದರೆ ಒಪ್ಪಿಗೆ ಸುಲಭ: ಪ್ರತಿ ಆವೃತ್ತಿಗೂ ಅದೇ ತಿದ್ದುಪಡಿಯನ್ನು ತಾವೇ ಹೊತ್ತು ತಿರುಗುವುದು ತಪ್ಪುತ್ತದೆ ಎಂದು ಹೇಳಿ ನೋಡಿ. ಸ್ವಂತ ಕಂಪ್ಯೂಟರ್, ಸ್ವಂತ ಇಮೇಲ್ ಬಳಸಿ. ಕಚೇರಿಯ ಕೋಡಿನ ಒಂದು ತುಣುಕೂ ಆಚೆ ಹೋಗಬಾರದು.

ಇತ್ತ ಕೆಲವು ಪ್ರಾಜೆಕ್ಟುಗಳು ಸಿಎಲ್‌ಎ (ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್) ಎಂಬ, ಕೊಟ್ಟ ಕೋಡ್ ಬಳಸಲು ಅನುಮತಿ ನೀಡುವ ಒಪ್ಪಂದಕ್ಕೆ ಸಹಿ ಕೇಳುತ್ತವೆ. ಗೂಗಲ್‌ನ ಪ್ರಾಜೆಕ್ಟುಗಳಲ್ಲಿ ಇದು ಇದೆ. ಲಿನಕ್ಸ್ ಕರ್ನಲ್‌ನಂಥವು ಕಮಿಟ್‌ನ ಕೊನೆಗೆ 'ಸೈನ್ಡ್ ಆಫ್ ಬೈ' ಎಂಬ ಸಾಲನ್ನು ಕೇಳುತ್ತವೆ. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು, ಸುಮ್ಮನೆ ಹಾಕುವ ಅಲಂಕಾರವಲ್ಲ.

ನೇರವಾಗಿ ಲಿನಕ್ಸ್ ಕರ್ನಲ್‌ಗೇ ಕಳುಹಿಸಿದರೆ?

ಆಗದ ಮಾತೇನಲ್ಲ. ಆದರೆ ಅಲ್ಲಿ ಪುಲ್ ರಿಕ್ವೆಸ್ಟ್ ಗುಂಡಿ ಇಲ್ಲ, ಪ್ಯಾಚ್ ಇಮೇಲ್‌ನಲ್ಲಿ ಹೋಗಬೇಕು, ಅದೂ ಸಾದಾ ಪಠ್ಯದಲ್ಲಿ. ಸಿ ಭಾಷೆ ಬಲ್ಲವರಿಗೆ ಡ್ರೈವರ್ಸ್ ಕೆಳಗಿನ ಸ್ಟೇಜಿಂಗ್ ಎಂಬ ಫೋಲ್ಡರ್ ಹಳೆಯ ಹೆಬ್ಬಾಗಿಲು. ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ನಿಮ್ಮ ಶೈಲಿಯ ತಪ್ಪು ಹೇಳುತ್ತದೆ, ಗೆಟ್ ಮೇಂಟೇನರ್ ಎಂಬುದು ಯಾರಿಗೆ ಕಳುಹಿಸಬೇಕೆಂದು ಹೇಳುತ್ತದೆ.

ದುಡ್ಡು ಸಿಗುತ್ತದೆಯೇ?

ಹೊಸಬರಿಗೆ ಭತ್ಯೆ ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ, 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಔಟ್‌ರೀಚಿ ಇನ್ನೊಂದು. ಎರಡರಲ್ಲೂ ಆಯ್ಕೆಗೆ ಮೊದಲೇ ಆ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿ ಪರಿಚಿತರಾದವರಿಗೆ ಅವಕಾಶ ಹೆಚ್ಚು. ದುಡ್ಡಿಗಾಗಿಯೇ ಬರುವುದಾದರೆ ಇದು ಬಹಳ ಸುತ್ತಿನ ದಾರಿ.

ಒಬ್ಬನೇ ಕೂತು ಮಾಡಲು ಬೇಸರ. ಜೊತೆ ಸಿಗುತ್ತದೆಯೇ?

ಬೆಂಗಳೂರಿನಲ್ಲಿದ್ದರೆ ಸುಲಭ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಫಾಸ್ ಡಾಟ್ ಇನ್ ಆಗಿ 2012ರವರೆಗೆ ನಡೆದ ಸಮ್ಮೇಳನದ ಕಾಲದಿಂದಲೂ ಇಲ್ಲಿ ಈ ಸಂಪ್ರದಾಯವಿದೆ. ಈಗ ಫಾಸ್ (ಸ್ವತಂತ್ರ ಮತ್ತು ಓಪನ್ ಸೋರ್ಸ್ ಸಾಫ್ಟ್‌ವೇರ್) ಯುನೈಟೆಡ್ ಎಂಬ ಸಂಸ್ಥೆ ಸಭೆಗಳನ್ನೂ ಇಂಡಿಯಾ ಫಾಸ್ ಸಮ್ಮೇಳನವನ್ನೂ ನಡೆಸುತ್ತದೆ. ಬೇರೆ ಊರಿನವರು ತಮ್ಮ ಪ್ರಾಜೆಕ್ಟಿನ ಚಾಟ್ ಕೊಠಡಿಯಲ್ಲಿ ಸುಮ್ಮನೆ ಕೂತು ಓದಿದರೂ ಸಾಕು, ಯಾರು ಏನು ಎಂದು ತಿಂಗಳೊಳಗೆ ತಿಳಿಯುತ್ತದೆ.

ಮೊದಲ ಪ್ಯಾಚ್ ಸೇರಿತು. ಮುಂದೇನು?

ಅದೇ ಪ್ರಾಜೆಕ್ಟಿನಲ್ಲಿ ಇರಿ. ಬೇರೆ ಹೊಸಬರ ಪುಲ್ ರಿಕ್ವೆಸ್ಟ್‌ಗಳನ್ನು ನಿಮ್ಮ ಯಂತ್ರದಲ್ಲಿ ಓಡಿಸಿ ನೋಡಿ, ಕಂಡದ್ದನ್ನು ಬರೆಯಿರಿ. ಇದಕ್ಕೆ ಯಾರ ನೇಮಕವೂ ಬೇಕಿಲ್ಲ, ಮೇಂಟೇನರ್‌ಗೆ ಇದಕ್ಕಿಂತ ದೊಡ್ಡ ಉಪಕಾರವೂ ಇಲ್ಲ.

ಮೆಲ್ಲಗೆ ನಂಬಿಕೆ ಬೆಳೆಯುತ್ತದೆ, ಆದರೆ ಕಮಿಟ್ ಹಕ್ಕು ಬೇಗ ಸಿಗಲಿಲ್ಲವೆಂದು ಕೊರಗಬೇಡಿ. ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಲೈಬ್ರರಿಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುವವನಂತೆ ಬಂದ ಒಂದು ಅಪರಿಚಿತ ಖಾತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್ ಕಳುಹಿಸಿ, ಸಹ ಮೇಂಟೇನರ್ ಆಗಿ, 5.6.0 ಆವೃತ್ತಿಯಲ್ಲಿ ಹಿಂಬಾಗಿಲು ಇಟ್ಟಿತು. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್; ಬೇರೆ ಕಂಪ್ಯೂಟರಿಗೆ ಸುರಕ್ಷಿತವಾಗಿ ಹೊಕ್ಕುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಏಕೆ ಎಂದು ನೋಡಲು ಹೋಗಿ. ಆ ಮೇಲೆ ಮೇಂಟೇನರ್‌ಗಳು ಹೊಸಬರನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ನಿಮ್ಮ ಮೊದಲ ಕೆಲವು ಪ್ಯಾಚುಗಳನ್ನು ಅಗತ್ಯಕ್ಕಿಂತ ಹೆಚ್ಚು ಕೆದಕಿ ನೋಡಿದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಮುಂದಿನ ಇಶ್ಯೂ ತೆಗೆದುಕೊಳ್ಳಿ.